ಕೆಲವು ಆ್ಯಪ್‌ಗಳಿಗೆ ಮಾತ್ರ ನೆಟ್ ಬಂದ್ ಮಾಡುವುದು ಹೇಗೆ?

ಸುಮಾ_ತೀರ್ಥಹಳ್ಳಿ
ನಮಸ್ಕಾರ. ಅಮ್ಮನ ಫೋನಿನ ವಿಷಯ. ಆಂಡ್ರಾಯ್ಡ್, ರಿಯಲ್‌ಮಿ ಫೋನ್. ದಿನಕ್ಕೆ 1.5 ಜಿಬಿ ಪ್ಲಾನ್. ಮಧ್ಯಾಹ್ನ ಊಟದ ಹೊತ್ತಿಗೇ ಅರ್ಧ ಡೇಟಾ ಮುಗಿಯಿತು ಅಂತ ಮೆಸೇಜ್ ಬರುತ್ತದೆ. ಜೊತೆಗೆ ಜಾಹೀರಾತಿನ ಕಾಟ. ತಿಥಿ ನೋಡೋಣ ಅಂತ ಪಂಚಾಂಗದ ಆ್ಯಪ್ ತೆರೆದರೆ ಮೊದಲು ಸಾಲ ಕೊಡುವವರು ಬರುತ್ತಾರೆ, ಆಮೇಲೆ ಯಾವುದೋ ಗೇಮ್, ಅದಾದ ಮೇಲೆ ಏಕಾದಶಿ.

ಟಾರ್ಚ್, ಗ್ಯಾಲರಿ, ಕೀಬೋರ್ಡ್, ಮಗ ಆಡುವ ಕಾರ್ ಗೇಮ್. ಇವಕ್ಕೆಲ್ಲ ನೆಟ್ ಯಾಕೆ ಬೇಕು? ಕ್ಯಾಮೆರಾ, ಲೊಕೇಶನ್, ಕಾಂಟ್ಯಾಕ್ಟ್ಸ್ ಎಲ್ಲ ಪರ್ಮಿಷನ್ ಪಟ್ಟಿಯಲ್ಲಿ ಆಫ್ ಮಾಡಬಹುದು. ಇಂಟರ್ನೆಟ್ ಮಾತ್ರ ಆ ಪಟ್ಟಿಯಲ್ಲೇ ಇಲ್ಲ. ವಾಟ್ಸಾಪ್, ಯುಪಿಐ, ಯೂಟ್ಯೂಬ್ ನಡೆಯಬೇಕು, ಉಳಿದವಕ್ಕೆ ಬಾಗಿಲು ಹಾಕಬೇಕು. ಫೋನಿನ ಬೀಗ ಮುರಿದು ಪೂರ್ತಿ ಹಿಡಿತ ತೆಗೆದುಕೊಳ್ಳುವ ರೂಟ್ ಗೀಟ್ ಮಾಡುವ ಧೈರ್ಯ ನನಗಿಲ್ಲ. ಯಾರಿಗಾದರೂ ಗೊತ್ತಾ?

ಬಿಸಿಬೇಳೆ
ಡೇಟಾ ಆಫ್ ಮಾಡಿ ಪಂಚಾಂಗ ನೋಡಿ. ಮುಗೀತು.

ಸುಮಾ_ತೀರ್ಥಹಳ್ಳಿ
ಆಫ್ ಮಾಡಿದ್ದನ್ನು ಅಮ್ಮ ಮರೆಯುತ್ತಾರೆ ಸರ್. ಆಮೇಲೆ "ನಿನ್ನ ತಮ್ಮ ಫೋಟೋ ಕಳಿಸಿಲ್ಲ" ಅಂತ ನನಗೆ ಫೋನ್ ಬರುತ್ತದೆ.

ಕೋಡ್‌ಕಟ್ಟೆ
ರಿಯಲ್‌ಮಿ ಆದರೆ ನಿಮ್ಮ ಕೆಲಸ ಸುಲಭ ಮೇಡಂ. ಹೊರಗಿನ ಆ್ಯಪ್ ಏನೂ ಬೇಡ. ಪಂಚಾಂಗದ ಐಕಾನ್ ಒತ್ತಿ ಹಿಡಿಯಿರಿ, ಆ್ಯಪ್ ಇನ್ಫೋ ಬರುತ್ತದೆ. ಅದರೊಳಗೆ ಡೇಟಾ ಯೂಸೇಜ್. ಅಲ್ಲಿ ಮೊಬೈಲ್ ಡೇಟಾ ಬಂದ್ ಮಾಡುವ ಸ್ವಿಚ್ ಒಂದು, ವೈಫೈ ಬಂದ್ ಮಾಡುವ ಸ್ವಿಚ್ ಒಂದು ಇರುತ್ತವೆ. ಎರಡನ್ನೂ ಒತ್ತಿದರೆ ಆ ಆ್ಯಪ್‌ಗೆ ನೆಟ್ ಇಲ್ಲ. ಒಪ್ಪೋ, ಒನ್‌ಪ್ಲಸ್‌ನಲ್ಲೂ ಹೆಚ್ಚುಕಡಿಮೆ ಇದೇ ದಾರಿ. ಶಿಯೋಮಿಯಲ್ಲಿ ಆ್ಯಪ್ ಇನ್ಫೋ ಒಳಗೆ 'ರಿಸ್ಟ್ರಿಕ್ಟ್ ಡೇಟಾ ಯೂಸೇಜ್' ಅಂತ ಇರುತ್ತದೆ, ಒತ್ತಿದರೆ ವೈಫೈ, ಸಿಮ್ 1, ಸಿಮ್ 2 ಬೇರೆ ಬೇರೆ ಟಿಕ್. ಮಾಡೆಲ್ ಪ್ರಕಾರ ಹೆಸರು ಸ್ವಲ್ಪ ಬದಲಾಗುತ್ತದೆ.

ತಮಾಷೆ ನೋಡಿ, ಚೀನಾ ಕಂಪನಿಗಳ ಫೋನಿನಲ್ಲಿ ಇದು ಇದೆ. ಗೂಗಲ್ ತಾನೇ ಮಾರುವ ಪಿಕ್ಸೆಲ್‌ನಲ್ಲಿ ಇಲ್ಲ.

ಹುಬ್ಬಳ್ಳಿ_ಗಿರ್ಮಿಟ್
ಪಿಕ್ಸೆಲ್‌ನಲ್ಲಿ 'ಬ್ಯಾಕ್‌ಗ್ರೌಂಡ್ ಡೇಟಾ' ಸ್ವಿಚ್ ಇದೆಯಲ್ಲ ಗುರು? ನಾನು ಅದನ್ನೇ ಆಫ್ ಮಾಡಿದ್ದೇನೆ.

ಕೋಡ್‌ಕಟ್ಟೆ
ಅದು ಬೇರೆ ರೀ. ಆ್ಯಪ್ ಮುಚ್ಚಿಟ್ಟಾಗ ಹಿಂದಿನಿಂದ ಮೊಬೈಲ್ ಡೇಟಾ ಎಳೆಯಬಾರದು, ಅಷ್ಟೇ ಅದರ ಅರ್ಥ. ತೆರೆದು ಮುಂದೆ ಇಟ್ಟುಕೊಂಡರೆ ಆರಾಮಾಗಿ ಎಳೆಯುತ್ತದೆ. ವೈಫೈಗಂತೂ ತಡೆಯೇ ಇಲ್ಲ. 2016ರಲ್ಲಿ ಆಂಡ್ರಾಯ್ಡ್ 7ರ ಜೊತೆ ಬಂದ ಡೇಟಾ ಸೇವರ್ ಕೂಡ ಇದೇ ಜಾತಿ. ಜಾಹೀರಾತು ಬರುವುದು ನೀವು ಆ್ಯಪ್ ನೋಡುತ್ತಿರುವಾಗಲೇ ಅಲ್ವಾ? ಅದಕ್ಕೆ ಇದರಿಂದ ಏನೂ ಆಗುವುದಿಲ್ಲ.

ಕರಾವಳಿ_ಕಡಲು
ಸ್ಯಾಮ್‌ಸಂಗ್‌ನವರು ಏನು ಮಾಡಬೇಕು? ನಾನೂ ಹುಡುಕಿ ಹುಡುಕಿ ಸಾಕಾಗಿದ್ದೇನೆ.

ನೆಟ್ಟಿಗ_ನಂಜುಂಡ
ಸ್ಯಾಮ್‌ಸಂಗ್, ಮೊಟೊರೊಲಾ, ಪಿಕ್ಸೆಲ್ ಇರುವವರಿಗೆ ನೆಟ್‌ಗಾರ್ಡ್ ಅನ್ನುವ ಆ್ಯಪ್. ಕೋಡ್ ಯಾರು ಬೇಕಾದರೂ ನೋಡಬಹುದು, ಅಂದರೆ ಓಪನ್ ಸೋರ್ಸ್. ರೂಟ್ ಬೇಡ. ಪ್ಲೇಸ್ಟೋರ್‌ನಲ್ಲೂ ಇದೆ. ತೆರೆದರೆ ನಿಮ್ಮ ಆ್ಯಪ್‌ಗಳ ಪಟ್ಟಿ ಬರುತ್ತದೆ. ಪ್ರತಿಯೊಂದರ ಪಕ್ಕ ವೈಫೈ ಗುರುತು, ಮೊಬೈಲ್ ಡೇಟಾ ಗುರುತು. ಬೇಡದ್ದನ್ನು ಒತ್ತಿ ಕೆಂಪು ಮಾಡಿದರೆ ಆಯಿತು. ಈ ಕೆಲಸಕ್ಕೆ ದುಡ್ಡು ಕೊಡಬೇಕಿಲ್ಲ. ಯಾವ ಆ್ಯಪ್ ಎಲ್ಲಿಗೆ ಹೋಗಲು ನೋಡಿತು ಅನ್ನುವ ಲಾಗ್ ಬೇಕಾದರೆ ಮಾತ್ರ ಪ್ರೋ.

ಇನ್ನೊಂದು ರೀಥಿಂಕ್ ಡಿಎನ್‌ಎಸ್. ಅದೂ ಓಪನ್ ಸೋರ್ಸ್. ಫೈರ್‌ವಾಲ್ (ಆ್ಯಪ್‌ಗೆ ನೆಟ್ ತಡೆಯುವ ಗೋಡೆ) ಜೊತೆಗೆ ಜಾಹೀರಾತಿನ ವಿಳಾಸಗಳನ್ನೂ ತಡೆಯುತ್ತದೆ. ಸ್ವಲ್ಪ ಜಾಸ್ತಿ ಸೆಟ್ಟಿಂಗ್ ಇವೆ, ಅಮ್ಮಂದಿರ ಫೋನಿಗೆ ನೆಟ್‌ಗಾರ್ಡೇ ಸರಿ.

ದುಬೈ_ದೋಸೆ
ನೆಟ್‌ಗಾರ್ಡ್ ಹಾಕಿದ ಕೂಡಲೇ "ವಿಪಿಎನ್ ಸಂಪರ್ಕಕ್ಕೆ ಒಪ್ಪಿಗೆ ಕೊಡಿ" ಅಂತ ಕೇಳಿತು. ನಾನು ಹೆದರಿ ತೆಗೆದುಬಿಟ್ಟೆ. ಇಲ್ಲಿ ವಾಟ್ಸಾಪ್ ಕಾಲೇ ನಡೆಯುವುದಿಲ್ಲ, ವಿಪಿಎನ್ ಬಳಸಿ ತಪ್ಪು ಕೆಲಸ ಮಾಡಿ ಸಿಕ್ಕಿಬಿದ್ದರೆ ದಂಡ, ಜೈಲು. ಈ ಆ್ಯಪ್ ನಮ್ಮ ಡೇಟಾವನ್ನೆಲ್ಲ ಬೇರೆ ದೇಶಕ್ಕೆ ಕಳಿಸುತ್ತಾ?

ಕೋಡ್‌ಕಟ್ಟೆ
ಇಲ್ಲ ಅಣ್ಣ. ಎಲ್ಲಿಗೂ ಕಳಿಸುವುದಿಲ್ಲ. ವಿಪಿಎನ್ ಆ್ಯಪ್ ಮಾಡುವವರಿಗೆಂದು 2011ರಲ್ಲಿ ಆಂಡ್ರಾಯ್ಡ್ 4.0 ಒಂದು ಸೌಲಭ್ಯ ಕೊಟ್ಟಿತು. ಫೋನಿನ ನೆಟ್ ಪೂರ್ತಿ ಒಂದು ಆ್ಯಪ್ ಕೈಗೆ ಸಿಗುವುದು ರೂಟ್ ಇಲ್ಲದೆ ಅದೊಂದೇ ದಾರಿ. ನೆಟ್‌ಗಾರ್ಡ್ ಅದನ್ನೇ ಬಳಸಿಕೊಳ್ಳುತ್ತದೆ. ನಿಜವಾದ ವಿಪಿಎನ್ ಆದರೆ ಡೇಟಾ ಆಚೆಯ ಸರ್ವರ್‌ಗೆ ಹೋಗುತ್ತದೆ. ಇದರಲ್ಲಿ ನೀವು ಬಂದ್ ಮಾಡಿದ ಆ್ಯಪ್‌ನ ಡೇಟಾ ಫೋನಿನೊಳಗೇ ಸತ್ತುಹೋಗುತ್ತದೆ. ಸರ್ವರ್ರೇ ಇಲ್ಲ. ಅಲ್ಲಿ ತೆರೆಯದ ಸೈಟ್ ಇದನ್ನು ಹಾಕಿದರೂ ತೆರೆಯುವುದಿಲ್ಲ.

ಆದರೆ ನಿಮ್ಮ ಅನುಮಾನ ಸುಳ್ಳಲ್ಲ. ಅದೇ ಒಪ್ಪಿಗೆ ತೆಗೆದುಕೊಂಡು ನಿಜವಾಗಿಯೂ ಕದ್ದು ನೋಡಿದವರೂ ಇದ್ದಾರೆ. ಫೇಸ್‌ಬುಕ್‌ನ ಒನಾವೋ ಅನ್ನುವ 'ರಕ್ಷಣೆಯ' ವಿಪಿಎನ್ ಇತ್ತು. ಜನ ಯಾವ ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಅಂತ ಅದರಿಂದ ಲೆಕ್ಕ ಹಾಕುತ್ತಿದ್ದರು. 2018ರಲ್ಲಿ ಆ್ಯಪಲ್ ಅಂಗಡಿಯಿಂದ ಹೋಯಿತು, 2019ರಲ್ಲಿ ಪ್ಲೇಸ್ಟೋರ್‌ನಿಂದಲೂ. ಹಾಗಾಗಿ 'ಫ್ರೀ ಫೈರ್‌ವಾಲ್' ಅಂತ ಕಂಡಿದ್ದನ್ನೆಲ್ಲ ಹಾಕಬೇಡಿ. ಓಪನ್ ಸೋರ್ಸ್ ಇದ್ದರೆ ಮಾತ್ರ.

ಬಿಸಿಬೇಳೆ
ಫೈರ್‌ವಾಲ್‌ಗೇ ಒಂದು ಫೈರ್‌ವಾಲ್ ಬೇಕು ಅನ್ನಿ.

ಮೈಸೂರು_ಮಲ್ಲಿಗೆ
ಇಷ್ಟೆಲ್ಲ ಸರ್ಕಸ್ ಯಾಕೆ ಅಂತ ನನ್ನ ಪ್ರಶ್ನೆ. ಲೊಕೇಶನ್‌ಗೆ ಕೇಳುವ ಹಾಗೆ ನೆಟ್‌ಗೂ "ಕೊಡಲೇ ಬೇಡವೇ" ಅಂತ ಆಂಡ್ರಾಯ್ಡ್ ಯಾಕೆ ಕೇಳುವುದಿಲ್ಲ?

ಹುಬ್ಬಳ್ಳಿ_ಗಿರ್ಮಿಟ್
ಗೂಗಲ್ ಹೊಟ್ಟೆ ತುಂಬುವುದೇ ಜಾಹೀರಾತಿನಿಂದ. ಕೇಳಿದರೆ ನೀವು ಬೇಡ ಅಂತೀರಿ. ಅದಕ್ಕೇ ಕೇಳುವುದಿಲ್ಲ.

ಕೋಡ್‌ಕಟ್ಟೆ
ಅಷ್ಟು ಸರಳ ಅಂತ ನನಗೆ ಅನಿಸುವುದಿಲ್ಲ, ಆದರೆ ಪೂರ್ತಿ ತಳ್ಳಿಹಾಕುವುದೂ ಕಷ್ಟ. ಹಿನ್ನೆಲೆ ಹೇಳುತ್ತೇನೆ. ಮೊದಲು ಆ್ಯಪ್ ಹಾಕುವಾಗಲೇ ಪರ್ಮಿಷನ್‌ಗಳ ಉದ್ದ ಪಟ್ಟಿ ಬರುತ್ತಿತ್ತು, ಅದರಲ್ಲಿ ಇಂಟರ್ನೆಟ್ ಕೂಡ ಕಾಣುತ್ತಿತ್ತು. 2014ರಲ್ಲಿ ಪ್ಲೇಸ್ಟೋರ್ ಆ ಪಟ್ಟಿಯನ್ನು ಗುಂಪು ಗುಂಪು ಮಾಡಿ ಇಂಟರ್ನೆಟ್ಟನ್ನು 'ಇತರೆ' ಅನ್ನುವ ಮೂಲೆಗೆ ತಳ್ಳಿತು. 2015ರಲ್ಲಿ ಆಂಡ್ರಾಯ್ಡ್ 6 ಬಂದಾಗ ಕ್ಯಾಮೆರಾ, ಮೈಕ್, ಲೊಕೇಶನ್ ಇವೆಲ್ಲ 'ಅಪಾಯದ' ಪಟ್ಟಿಗೆ ಹೋದವು, ಅವಕ್ಕೆ ಕೇಳಲೇಬೇಕು. ಇಂಟರ್ನೆಟ್ 'ಮಾಮೂಲಿ' ಪಟ್ಟಿಯಲ್ಲಿ ಉಳಿಯಿತು. ಮಾಮೂಲಿ ಅಂದರೆ ಆ್ಯಪ್ ಹಾಕಿದ ಕ್ಷಣವೇ ತಾನಾಗಿ ಸಿಗುತ್ತದೆ, ವಾಪಸ್ ಪಡೆಯಲು ಸ್ವಿಚ್ ಇಲ್ಲ.

ಮಾಡಲು ಆಗುವುದಿಲ್ಲ ಅಂತೇನೂ ಅಲ್ಲ. ಅದೇ ಆಂಡ್ರಾಯ್ಡ್ ಮೇಲೆ ಕಟ್ಟಿದ ಗ್ರಾಫೀನ್ ಓಎಸ್‌ನಲ್ಲಿ 'ನೆಟ್‌ವರ್ಕ್' ಅನ್ನುವ ಪರ್ಮಿಷನ್ ಇದೆ. ಲಿನಿಯೇಜ್ ಓಎಸ್‌ನಲ್ಲೂ ಪ್ರತಿ ಆ್ಯಪ್‌ಗೆ ಸ್ವಿಚ್ ಇದೆ. ಆಂಡ್ರಾಯ್ಡ್‌ನಲ್ಲಿ ಪ್ರತಿ ಆ್ಯಪ್‌ಗೂ ಲಿನಕ್ಸ್ ಬಳಕೆದಾರನ ಥರ ಒಂದು ಬೇರೆ ನಂಬರ್ ಇರುತ್ತದೆ. ಆ ನಂಬರ್ ಹಿಡಿದು ತಡೆದರೆ ಸಾಕು. ರೂಟ್ ಮಾಡಿದವರು ಎಎಫ್‌ವಾಲ್ ಪ್ಲಸ್ ಹಾಕಿ ಮಾಡುವುದು ಇದನ್ನೇ.

ಐಫೋನ್_ಅಳಿಯ
ಐಫೋನ್‌ನಲ್ಲಿ ಈ ತಲೆನೋವಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಒತ್ತಿ, ಕೆಳಗೆ ಎಲ್ಲ ಆ್ಯಪ್‌ಗಳ ಸ್ವಿಚ್ ಇವೆ.

ನೆಟ್ಟಿಗ_ನಂಜುಂಡ
ವೈಫೈ ಬಂದ್ ಮಾಡಿ ತೋರಿಸಿ ಅಳಿಯಂದಿರೇ.

ಐಫೋನ್_ಅಳಿಯ
...ಅದಿಲ್ಲ.

ನೆಟ್ಟಿಗ_ನಂಜುಂಡ
ಚೀನಾದಲ್ಲಿ ಮಾರುವ ಐಫೋನ್‌ನಲ್ಲಿ ಅದೂ ಇದೆ. ಆ್ಯಪ್‌ಗೆ ಪೂರ್ತಿ ಆಫ್, ಬರೀ ವೈಫೈ, ಅಥವಾ ಎರಡೂ ಅಂತ ಆರಿಸಬಹುದು. ನಮಗೆ ಕೊಡುವುದಿಲ್ಲ.

ಗಣಕ_ಗುಡ್ಡಪ್ಪ
ಎಲ್ಲರೂ ಪಂಚಾಂಗದ ಹಿಂದೆ ಬಿದ್ದಿದ್ದೀರಿ. ಡೇಟಾ ತಿನ್ನುತ್ತಿರುವುದು ಅದೇ ಅಂತ ಯಾರು ಹೇಳಿದರು? ಜಾಹೀರಾತಿನ ಚಿತ್ರಕ್ಕೆ ಹೋಗುವುದು ಕೆಲವು ಎಂಬಿ. ಅರ್ಧ ದಿನದಲ್ಲಿ ಮುಕ್ಕಾಲು ಜಿಬಿ ಹೋಗಬೇಕಾದರೆ ಕಳ್ಳ ಬೇರೆ ಇದ್ದಾನೆ. ಮೊದಲು ಸೆಟ್ಟಿಂಗ್ಸ್‌ನಲ್ಲಿ ಡೇಟಾ ಯೂಸೇಜ್ ತೆರೆದು ಆ್ಯಪ್‌ಗಳ ಪಟ್ಟಿ ನೋಡಿ, ಜಾಸ್ತಿ ತಿಂದದ್ದು ಮೇಲೆ ಇರುತ್ತದೆ.

ನನ್ನ ಅನುಭವದಲ್ಲಿ ಹಿರಿಯರ ಫೋನಿನಲ್ಲಿ ಸಿಗುವುದು ಇವೇ. ವಾಟ್ಸಾಪ್ ವಿಡಿಯೋ ತಾನಾಗಿ ಡೌನ್‌ಲೋಡ್ ಆಗುವುದು, ಫೇಸ್‌ಬುಕ್ ವಿಡಿಯೋ ತಾನಾಗಿ ಓಡುವುದು, ಪ್ಲೇಸ್ಟೋರ್ ಮೊಬೈಲ್ ಡೇಟಾದಲ್ಲೇ ಅಪ್‌ಡೇಟ್ ಮಾಡುವುದು, ಗೂಗಲ್ ಫೋಟೋಸ್ ಬ್ಯಾಕಪ್. ವಾಟ್ಸಾಪ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ ಒಳಗೆ ಹೋಗಿ ಮೊಬೈಲ್ ಡೇಟಾ ಇದ್ದಾಗ ಏನೂ ಡೌನ್‌ಲೋಡ್ ಆಗದ ಹಾಗೆ ಟಿಕ್ ತೆಗೆಯಿರಿ. ಬೆಳಗಿನ ಶುಭೋದಯದ ವಿಡಿಯೋಗಳಲ್ಲೇ ಅರ್ಧ ಕರ್ನಾಟಕದ ಡೇಟಾ ಹೋಗುತ್ತಿದೆ. 2024ರ ಜುಲೈಯಲ್ಲಿ ರೇಟ್ ಏರಿದ ಮೇಲಂತೂ ಶುಭೋದಯವೂ ದುಬಾರಿ.

ಸುಮಾ_ತೀರ್ಥಹಳ್ಳಿ
ಗುಡ್ಡಪ್ಪ ಸರ್, ನೀವು ಹೇಳಿದ್ದು ನಿಜ. ಮೇಲೆ ಇರುವುದು ವಾಟ್ಸಾಪ್, ಅದರ ಕೆಳಗೆ ಯೂಟ್ಯೂಬ್. ಪಂಚಾಂಗ ಎಲ್ಲೋ ತಳದಲ್ಲಿದೆ. ಡೌನ್‌ಲೋಡ್ ಟಿಕ್ ತೆಗೆಸಿದೆ. ರಿಯಲ್‌ಮಿ ಸ್ವಿಚ್‌ಗಳೂ ಸಿಕ್ಕವು, ಪಂಚಾಂಗ ಈಗ ತೆಪ್ಪಗಿದೆ, ತಿಥಿ ಸರಿಯಾಗಿ ತೋರಿಸುತ್ತಿದೆ. ಕೋಡ್‌ಕಟ್ಟೆ ಸರ್‌ಗೆ ಥ್ಯಾಂಕ್ಸ್.

ಆ್ಯಪ್_ಕಮ್ಮಾರ
ಸಂತೋಷ ಪಡುವ ಮೊದಲು ಇನ್ನೊಂದು ಕಡೆಯ ಮಾತೂ ಕೇಳಿ. ನಾನು ಕನ್ನಡದ ಒಂದು ಚಿಕ್ಕ ಆ್ಯಪ್ ಮಾಡಿದ್ದೇನೆ, ಹೆಸರು ಬೇಡ. ಫ್ರೀ ಕೊಟ್ಟಿದ್ದೇನೆ. ಅದರಲ್ಲಿ ಬರುವ ಜಾಹೀರಾತೇ ನನಗೆ ಸಿಗುವ ದುಡ್ಡು. ನೀವೆಲ್ಲ ನೆಟ್ ಬಂದ್ ಮಾಡಿ ಆ್ಯಪ್ ಬಳಸಿದರೆ ನಾನು ಅದನ್ನು ಯಾವ ಖುಷಿಗೆ ನೋಡಿಕೊಳ್ಳಲಿ? ಪ್ರತಿ ವರ್ಷ ಗೂಗಲ್ ಹೊಸ ನಿಯಮ ತರುತ್ತದೆ, ಅದಕ್ಕೆ ತಕ್ಕಂತೆ ಬದಲಾಯಿಸದಿದ್ದರೆ ಹೊಸ ಫೋನ್‌ನವರಿಗೆ ಪ್ಲೇಸ್ಟೋರ್‌ನಲ್ಲಿ ಆ್ಯಪ್ ಕಾಣುವುದೇ ಇಲ್ಲ. ಅದೆಲ್ಲ ರಾತ್ರಿ ಕೂತು ಮಾಡುವ ಕೆಲಸ. ಆಮೇಲೆ "ಕನ್ನಡದಲ್ಲಿ ಒಳ್ಳೆಯ ಆ್ಯಪ್ ಇಲ್ಲ" ಅಂತ ಇದೇ ಜಾಗದಲ್ಲಿ ಅಳುತ್ತೀರಿ.

ಹುಬ್ಬಳ್ಳಿ_ಗಿರ್ಮಿಟ್
ಜಾಹೀರಾತು ಇರಲಿ ಅಣ್ಣ, ಯಾರು ಬೇಡ ಅಂದರು. ಪೂರ್ತಿ ಪರದೆ ಮುಚ್ಚಿ, ಮುಚ್ಚುವ ಗುಂಡಿಯನ್ನು ಸಾಸಿವೆ ಕಾಳಿನಷ್ಟು ಮಾಡಿ, ತಪ್ಪಿ ಒತ್ತಿದರೆ ಇನ್ನೊಂದು ಆ್ಯಪ್ ಇನ್‌ಸ್ಟಾಲ್ ಆಗುವ ಹಾಗೆ ಮಾಡುತ್ತಾರಲ್ಲ, ಅದಕ್ಕೆ ಕೋಪ. ನಮ್ಮ ಅಜ್ಜಿ ಹಾಗೆ ಒತ್ತಿ ಒತ್ತಿ ಫೋನಿನಲ್ಲಿ ಕಸದ ರಾಶಿ ಬಿದ್ದಿತ್ತು.

ಆ್ಯಪ್_ಕಮ್ಮಾರ
ನಾನು ಕೆಳಗೆ ಸಣ್ಣ ಪಟ್ಟಿಯಷ್ಟೇ ಹಾಕುವುದು.

ಮೈಸೂರು_ಮಲ್ಲಿಗೆ
ಹಾಗಾದರೆ ಜಾಹೀರಾತಿಲ್ಲದ್ದು ದುಡ್ಡಿಗೆ ಕೊಡಿ. ನಾನು ತೆಗೆದುಕೊಳ್ಳುತ್ತೇನೆ.

ಆ್ಯಪ್_ಕಮ್ಮಾರ
ಕೊಟ್ಟಿದ್ದೇನೆ ಮೇಡಂ. ವರ್ಷಕ್ಕಲ್ಲ, ಒಂದೇ ಸಲ ಕೊಡುವುದು, ಎರಡು ಮಸಾಲೆ ದೋಸೆಯ ದುಡ್ಡು. ಅದರಲ್ಲಿ ಗೂಗಲ್ 15% ಹಿಡಿದುಕೊಳ್ಳುತ್ತದೆ. ತೆಗೆದುಕೊಳ್ಳುವವರು ಬೆರಳೆಣಿಕೆ. ವಿಮರ್ಶೆಯಲ್ಲಿ ಒಂದು ಸ್ಟಾರ್ ಕೊಟ್ಟು "ದುಡ್ಡು ಕೇಳ್ತಾರೆ" ಅಂತ ಬರೆಯುವವರು ನೂರು.

ಕೋಡ್‌ಕಟ್ಟೆ
ಕಮ್ಮಾರರ ಮಾತಿನಲ್ಲಿ ನ್ಯಾಯ ಇದೆ. ದುಡ್ಡು ಕೊಟ್ಟು ಜಾಹೀರಾತು ತೆಗೆಸುವ ದಾರಿ ಇದ್ದರೆ ಮೊದಲು ಅದನ್ನೇ ಮಾಡಿ, ವಿಶೇಷವಾಗಿ ಕನ್ನಡದ ಆ್ಯಪ್‌ಗಳಿಗೆ. ಆದರೆ ಟಾರ್ಚ್‌ಗೂ ಕೀಬೋರ್ಡ್‌ಗೂ ಈ ಕರುಣೆ ಬೇಡ. ಅಮೆರಿಕದಲ್ಲಿ 2013ರಲ್ಲಿ ಒಂದು ಪ್ರಸಿದ್ಧ ಟಾರ್ಚ್ ಆ್ಯಪ್ ಮೇಲೆ ಅಲ್ಲಿನ ವ್ಯಾಪಾರ ಆಯೋಗವೇ ಕ್ರಮ ತೆಗೆದುಕೊಂಡಿತು. ಬೆಳಕು ಕೊಡುವ ಆ್ಯಪ್ ಜನರ ಲೊಕೇಶನ್ ತೆಗೆದು ಜಾಹೀರಾತಿನವರಿಗೆ ಕೊಡುತ್ತಿತ್ತು. 2017ರಲ್ಲಿ ಎಐ.ಟೈಪ್ ಅನ್ನುವ ಕೀಬೋರ್ಡ್ ಆ್ಯಪ್‌ನ ಡೇಟಾಬೇಸ್ ಬೀಗವಿಲ್ಲದೆ ಬಿದ್ದಿದ್ದು ಸಿಕ್ಕಿತು, 3.1 ಕೋಟಿ ಬಳಕೆದಾರರ ವಿವರ ಅದರಲ್ಲಿತ್ತು. ಕೀಬೋರ್ಡ್ ಅಂದರೆ ನೀವು ಬರೆದದ್ದೆಲ್ಲ ಅದರ ಕೈ ಮೇಲೆಯೇ ಹೋಗುತ್ತದೆ. ನಾನು ಮೊದಲು ನೆಟ್ ಕತ್ತರಿಸುವುದು ಅದಕ್ಕೇ.

ಕರಾವಳಿ_ಕಡಲು
ಕೀಬೋರ್ಡ್‌ಗೆ ನೆಟ್ ಬಂದ್ ಮಾಡಿದರೆ ಕನ್ನಡ ಟೈಪ್ ಆಗುತ್ತಾ?

ನೆಟ್ಟಿಗ_ನಂಜುಂಡ
ಆಗುತ್ತದೆ. ಜಿಬೋರ್ಡ್‌ನಲ್ಲಿ ಕನ್ನಡ ಭಾಷೆ ಒಮ್ಮೆ ಇಳಿಸಿಕೊಂಡಿದ್ದರೆ ನೆಟ್ ಇಲ್ಲದೆಯೂ ಬರೆಯಬಹುದು. ಬಾಯಲ್ಲಿ ಹೇಳಿ ಬರೆಸುವುದು, ಜಿಫ್ ಹುಡುಕುವುದು ಹೋಗುತ್ತವೆ. ಓಪನ್ ಸೋರ್ಸ್ ಬೇಕಿದ್ದರೆ ಇಂಡಿಕ್ ಕೀಬೋರ್ಡ್ ಇದೆ, ಕನ್ನಡವೂ ಇದೆ. ಹೆಲಿಬೋರ್ಡ್ ಕೂಡ ನೋಡಿ, ಅದು ಇಂಟರ್ನೆಟ್ ಪರ್ಮಿಷನ್ನನ್ನೇ ಕೇಳುವುದಿಲ್ಲ. ಕೇಳದೇ ಇದ್ದರೆ ಬಂದ್ ಮಾಡುವ ಕೆಲಸವೇ ಇಲ್ಲ.

ಯಾವ ಆ್ಯಪ್ ಕೇಳುತ್ತದೆ ಅಂತ ಪ್ಲೇಸ್ಟೋರ್‌ನಲ್ಲೇ ನೋಡಬಹುದು. ಆ್ಯಪ್‌ನ ಪುಟದಲ್ಲಿ 'ಅಬೌಟ್ ದಿಸ್ ಆ್ಯಪ್' ಒತ್ತಿ ತಳಕ್ಕೆ ಹೋದರೆ ಪರ್ಮಿಷನ್ ಪಟ್ಟಿ. ಅಲ್ಲಿ 'ಫುಲ್ ನೆಟ್‌ವರ್ಕ್ ಆ್ಯಕ್ಸೆಸ್' ಇದ್ದರೆ ಕೇಳುತ್ತದೆ ಅಂತ ಅರ್ಥ. 2022ರಲ್ಲಿ ಈ ಪಟ್ಟಿಯನ್ನೇ ತೆಗೆದುಹಾಕಿದ್ದರು. ಜನ ಬೈದ ಮೇಲೆ ವಾಪಸ್ ತಂದರು.

ದುಬೈ_ದೋಸೆ
ಕೋಡ್‌ಕಟ್ಟೆ ಅವರೇ, ಧೈರ್ಯ ಮಾಡಿ ನೆಟ್‌ಗಾರ್ಡ್ ಮತ್ತೆ ಹಾಕಿದೆ. ಒಂದು ಶಾಪಿಂಗ್ ಆ್ಯಪ್ ಬಂದ್ ಮಾಡಿದ್ದೇನೆ. ಆದರೂ ಅದರ ಆಫರ್ ನೋಟಿಫಿಕೇಶನ್ ಬರುತ್ತಲೇ ಇದೆ. ಕೆಲಸ ಮಾಡುತ್ತಿಲ್ಲ ಅಲ್ವಾ?

ಕೋಡ್‌ಕಟ್ಟೆ
ಮಾಡುತ್ತಿದೆ. ನೋಟಿಫಿಕೇಶನ್ ಆ ಆ್ಯಪ್ ತರುವುದಲ್ಲ. ಗೂಗಲ್ ಪ್ಲೇ ಸರ್ವಿಸಸ್ ಎಲ್ಲ ಆ್ಯಪ್‌ಗಳ ಪರವಾಗಿ ತಂದು ಒಳಗೇ ಹಂಚುತ್ತದೆ. ಆ ಆ್ಯಪ್‌ಗೆ ಹಾಕಿದ ತಡೆಗೆ ಅದು ಸಿಗುವುದಿಲ್ಲ. ಆ್ಯಪ್‌ನ ನೋಟಿಫಿಕೇಶನ್ ಬೇರೆಯಾಗಿ ಆಫ್ ಮಾಡಿ. ಹಾಗೆಯೇ ಮೊದಲೇ ಇಳಿಸಿಟ್ಟ ಜಾಹೀರಾತು ಕೆಲವು ಹೊತ್ತು ಕಾಣಬಹುದು. ಆ್ಯಪ್‌ನ ಕ್ಯಾಶ್ (ಇಳಿಸಿಟ್ಟ ತಾತ್ಕಾಲಿಕ ಫೈಲ್‌ಗಳು) ಅಳಿಸಿ.

ಕೋಪ ಬಂತು ಅಂತ ಪ್ಲೇ ಸರ್ವಿಸಸ್ಸನ್ನೇ ಬಂದ್ ಮಾಡಬೇಡಿ ಮತ್ತೆ. ವಾಟ್ಸಾಪ್ ಮೆಸೇಜ್ ತಡವಾಗುತ್ತದೆ, ಲೊಕೇಶನ್ ತಪ್ಪುತ್ತದೆ, ಯಾಕೆ ಅಂತ ತಿಳಿಯದೆ ಫೋನ್ ರಿಪೇರಿಗೆ ಒಯ್ಯುತ್ತೀರಿ.

ರಾಯಚೂರು_ಬಿಸಿಲು
ನನ್ನದು ಬೇರೆ ಗೋಳು. ನೆಟ್‌ಗಾರ್ಡ್ ಆನ್ ಇದ್ದರೆ ನನ್ನ ಬ್ಯಾಂಕ್ ಆ್ಯಪ್ "ವಿಪಿಎನ್ ಬಂದ್ ಮಾಡಿ" ಅಂತ ಬಾಗಿಲಲ್ಲೇ ನಿಲ್ಲಿಸುತ್ತದೆ. ಕಿರಾಣಿ ಅಂಗಡಿಯಲ್ಲಿ ಹಿಂದೆ ಜನ ನಿಂತಿರುತ್ತಾರೆ, ನಾನು ಫೋನ್ ಉಜ್ಜುತ್ತಾ ನಿಂತಿರುತ್ತೇನೆ.

ನೆಟ್ಟಿಗ_ನಂಜುಂಡ
ಮೇಲಿನಿಂದ ಬೆರಳು ಎಳೆದಾಗ ಬರುವ ಗುಂಡಿಗಳಲ್ಲಿ ನೆಟ್‌ಗಾರ್ಡ್‌ನದನ್ನೂ ಸೇರಿಸಿಕೊಳ್ಳಿ. ಒಂದು ಒತ್ತಿಗೆ ಆಫ್, ದುಡ್ಡು ಕೊಟ್ಟ ಮೇಲೆ ಆನ್.

ಬಿಸಿಬೇಳೆ
ಅಥವಾ ಜೇಬಿನಲ್ಲಿ ನೂರರ ನೋಟು ಇಟ್ಟುಕೊಳ್ಳಿ.

ಗಣಕ_ಗುಡ್ಡಪ್ಪ
ಬ್ಯಾಂಕ್ ತಕರಾರು ಇರುವವರು ಪ್ರೈವೇಟ್ ಡಿಎನ್‌ಎಸ್ ನೋಡಿ. ಡಿಎನ್‌ಎಸ್ ಅಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಆಂಡ್ರಾಯ್ಡ್ 9ರಿಂದ, ಅಂದರೆ 2018ರಿಂದ ಸೆಟ್ಟಿಂಗ್ಸ್‌ನಲ್ಲೇ ಇದೆ. ಆ್ಯಡ್‌ಗಾರ್ಡ್‌ನವರ ಡಿಎನ್‌ಎಸ್ ವಿಳಾಸ ಅವರ ಸೈಟಿನಲ್ಲಿದೆ, ಅದನ್ನು ಅಲ್ಲಿ ಹಾಕಿದರೆ ಜಾಹೀರಾತಿನ ವಿಳಾಸಗಳು ಸಿಗದ ಹಾಗಾಗುತ್ತವೆ. ವಿಪಿಎನ್ ಅಲ್ಲ, ಬ್ಯಾಂಕಿಗೂ ಸಾಮಾನ್ಯವಾಗಿ ತೊಂದರೆ ಇಲ್ಲ. ಆದರೆ ಇದು ಆ್ಯಪ್ ಆರಿಸಿ ತಡೆಯುವುದಲ್ಲ, ಇಡೀ ಫೋನಿಗೆ ಒಂದೇ. ಯೂಟ್ಯೂಬ್ ಜಾಹೀರಾತು ಇದರಿಂದ ಹೋಗುವುದಿಲ್ಲ.

ಮೈಸೂರು_ಮಲ್ಲಿಗೆ
ನನಗೆ ಆಫೀಸಿನ ವಿಪಿಎನ್ ಬೇಕೇ ಬೇಕು. ಅದರ ಜೊತೆ ನೆಟ್‌ಗಾರ್ಡ್ ನಡೆಯುತ್ತಾ?

ಕೋಡ್‌ಕಟ್ಟೆ
ಇಲ್ಲ. ಒಂದು ಸಲಕ್ಕೆ ಒಂದೇ ವಿಪಿಎನ್‌ಗೆ ಜಾಗ. ಒಂದು ಆನ್ ಆದರೆ ಇನ್ನೊಂದು ಎದ್ದು ಹೋಗುತ್ತದೆ. ನಿಮ್ಮ ಆಫೀಸಿನದು ವೈರ್‌ಗಾರ್ಡ್ ಅನ್ನುವ ಬಗೆಯ ವಿಪಿಎನ್ ಆದರೆ ರೀಥಿಂಕ್ ಒಳಗೇ ಅದನ್ನು ಸೇರಿಸಬಹುದು. ಬೇರೆ ಯಾವುದಾದರೂ ಆದರೆ ಎರಡರಲ್ಲಿ ಒಂದು ಆರಿಸಿಕೊಳ್ಳಬೇಕು. ಆಫೀಸಿನವರು ವರ್ಕ್ ಪ್ರೊಫೈಲ್ (ಅದೇ ಫೋನಿನಲ್ಲಿ ಆಫೀಸ್ ಆ್ಯಪ್‌ಗಳಿಗೆ ಬೇರೆ ಕೋಣೆ) ಹಾಕಿಕೊಟ್ಟಿದ್ದರೆ ಮಾತ್ರ ನಿಮ್ಮ ಅದೃಷ್ಟ. ವಿಪಿಎನ್ ಪ್ರೊಫೈಲ್‌ಗೆ ಒಂದರಂತೆ. ಆಫೀಸಿನದು ಅಲ್ಲಿ, ನೆಟ್‌ಗಾರ್ಡ್ ಇಲ್ಲಿ.

ಕರಾವಳಿ_ಕಡಲು
ಹಾಗಾದರೆ ನೆಟ್‌ಗಾರ್ಡ್ ಆ ಪ್ರೊಫೈಲಿನ ಆ್ಯಪ್‌ಗಳನ್ನು ತಡೆಯುವುದಿಲ್ಲ ಅಂತಾಯಿತು?

ಕೋಡ್‌ಕಟ್ಟೆ
ತಡೆಯುವುದಿಲ್ಲ. ಎರಡು ವಾಟ್ಸಾಪ್ ಬೇಕು ಅಂತ ಡ್ಯುಯಲ್ ಆ್ಯಪ್ ಮಾಡಿಕೊಂಡವರೂ ನೆನಪಿಡಿ, ಆ ಎರಡನೆಯದು ಫೋನಿನ ಲೆಕ್ಕದಲ್ಲಿ ಬೇರೆ ಬಳಕೆದಾರನದು.

ಶೆಟ್ಟರ_ಹುಡುಗಿ
ಸುಮಾ ಅಕ್ಕ, ಪಂಚಾಂಗಕ್ಕೆ ಆ್ಯಪ್ ಯಾಕೆ? ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಗೋಡೆಗೆ ತೂಗುಹಾಕಿ. ಹಾಲಿನ ಲೆಕ್ಕವನ್ನೂ ಅದರ ಮೇಲೇ ಬರೆಯಬಹುದು.

ಹುಬ್ಬಳ್ಳಿ_ಗಿರ್ಮಿಟ್
ಮುಹೂರ್ತ, ರಾಹುಕಾಲ ಎಲ್ಲ ವಿವರವಾಗಿ ಬೇಕಾದರೆ ಒಂಟಿಕೊಪ್ಪಲ್ ಪಂಚಾಂಗ.

ರಾಯಚೂರು_ಬಿಸಿಲು
ಅಮಾವಾಸ್ಯೆ ಯಾವಾಗ ಅಂತ ನಮ್ಮಲ್ಲಿ ಅಂಗಡಿ ಮುಚ್ಚಿದ್ದು ನೋಡಿದರೆ ಗೊತ್ತಾಗುತ್ತದೆ.

ಆ್ಯಪ್_ಕಮ್ಮಾರ
ಕ್ಯಾಲೆಂಡರ್‌ಗೆ ದುಡ್ಡು ಕೊಡುತ್ತೀರಿ, ಆ್ಯಪ್‌ಗೆ ಕೊಡುವುದಿಲ್ಲ. ಸುಮ್ನೆ ಹೇಳಿದೆ.

ಶೆಟ್ಟರ_ಹುಡುಗಿ
ಕ್ಯಾಲೆಂಡರ್ ಮಧ್ಯರಾತ್ರಿ ಎದ್ದು "ನಿಮಗೆ 5 ಲಕ್ಷ ಸಾಲ ಮಂಜೂರಾಗಿದೆ" ಅನ್ನುವುದಿಲ್ಲ ಅಣ್ಣ.

ಐಫೋನ್_ಅಳಿಯ
ಒಂದು ಸಣ್ಣ ಪ್ರಶ್ನೆ. ಮಾವನ ಆಂಡ್ರಾಯ್ಡ್ ಫೋನಿಗೆ ನೆಟ್‌ಗಾರ್ಡ್ ಹಾಕಿಕೊಟ್ಟೆ. ಬೆಳಗ್ಗೆ ನೋಡಿದರೆ ತಾನಾಗಿ ಆಫ್ ಆಗಿರುತ್ತದೆ. ಶಿಯೋಮಿ ಫೋನ್.

ನೆಟ್ಟಿಗ_ನಂಜುಂಡ
ಬ್ಯಾಟರಿ ಉಳಿಸುವ ಹೆಸರಿನಲ್ಲಿ ಫೋನೇ ಅದನ್ನು ಕೊಲ್ಲುತ್ತಿದೆ. ನೆಟ್‌ಗಾರ್ಡ್‌ನ ಆ್ಯಪ್ ಇನ್ಫೋದಲ್ಲಿ ಬ್ಯಾಟರಿಗೆ 'ನೋ ರಿಸ್ಟ್ರಿಕ್ಷನ್ಸ್' ಕೊಡಿ, ಆಟೋಸ್ಟಾರ್ಟ್ ಆನ್ ಮಾಡಿ. ವಿಪಿಎನ್ ಸೆಟ್ಟಿಂಗ್‌ನಲ್ಲಿ 'ಆಲ್ವೇಸ್ ಆನ್' ಕೂಡ ಒತ್ತಿ. ಅದರ ಕೆಳಗೆ 'ವಿಪಿಎನ್ ಇಲ್ಲದ ಸಂಪರ್ಕ ತಡೆ' ಅಂತ ಇನ್ನೊಂದು ಸ್ವಿಚ್ ಇರುತ್ತದೆ, ಅದನ್ನು ಮುಟ್ಟಬೇಡಿ. ಮುಟ್ಟಿದರೆ ನೀವು ಬಿಟ್ಟಿರುವ ಆ್ಯಪ್‌ಗಳಿಗೂ ನೆಟ್ ಹೋಗಬಹುದು. ಅಂದಹಾಗೆ ಶಿಯೋಮಿ ಅಂದರೆ ಫೋನಿನಲ್ಲೇ ಸ್ವಿಚ್ ಇದೆಯಲ್ಲ, ಮೇಲೆ ಓದಲಿಲ್ಲವಾ?

ಐಫೋನ್_ಅಳಿಯ
ಮಾವನಿಗೆ ಲಾಗ್ ನೋಡಬೇಕಂತೆ. ಯಾವ ಆ್ಯಪ್ ಎಲ್ಲಿಗೆ ಹೋಗಲು ನೋಡಿತು ಅಂತ ದಿನಾ ಸಂಜೆ ಕಾಫಿ ಕುಡಿಯುತ್ತಾ ಓದುತ್ತಾರೆ. ಪ್ರೋ ತೆಗೆದುಕೊಟ್ಟೆ.

ಗಣಕ_ಗುಡ್ಡಪ್ಪ
ಅವರನ್ನೂ ಇಲ್ಲಿಗೆ ಸೇರಿಸಿ. ನಮ್ಮ ಜಾತಿಯವರು.

ರಾಯಚೂರು_ಬಿಸಿಲು
ಹಾಟ್‌ಸ್ಪಾಟ್ ಕೊಟ್ಟರೆ ಮಗಳ ಟ್ಯಾಬ್‌ಗೂ ಈ ತಡೆ ಅನ್ವಯ ಆಗುತ್ತಾ? ಗೇಮ್ ಜಾಹೀರಾತು ಅಲ್ಲೂ ಬರುತ್ತಿದೆ.

ಕೋಡ್‌ಕಟ್ಟೆ
ಇಲ್ಲ, ಹಾಟ್‌ಸ್ಪಾಟ್‌ನಲ್ಲಿ ಹೋಗುವುದು ನೆಟ್‌ಗಾರ್ಡ್ ಕೈಗೆ ಸಿಗುವುದಿಲ್ಲ. ಟ್ಯಾಬ್‌ನಲ್ಲೇ ಬೇರೆ ಹಾಕಿ. ಗೇಮ್ ನೆಟ್ ಇಲ್ಲದೆ ತೆರೆಯುತ್ತಾ ಅಂತ ಮೊದಲು ನೋಡಿಕೊಳ್ಳಿ, ಕೆಲವು ಹಟ ಮಾಡುತ್ತವೆ.